ಹೆಂಚಿನ ಕಾರ್ಖಾನೆಯ ಸಭೆ

ಹಾಸನ ಸೀಮೆಯಲ್ಲಿ ತಾರಸಿ ಮನೆಗಳ ಕಾಲ ಬರುವ ಮುಂಚೆ ಸ್ಥಿತಿವಂತರ ಮನೆಯೆಂದರೆ ಮಂಗಳೂರು ಹೆಂಚಿನ ಮನೆ. ಬಡವರದು ನಾಡಹೆಂಚು, ಇಲ್ಲವೆ ಹುಲ್ಲು. ಬೂವನಹಳ್ಳಿಯಂಥ ಊರಿನಿಂದ ಹಿಡಿದು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಪೇಟೆಬೀದಿಗಳವರೆಗೆ ಈ ಕೆಂಪು ಹೆಂಚು ಇನ್ನೂ ಅಲ್ಲಲ್ಲಿ ಉಳಿದಿದೆ. ಶಾಲೆಗೂ ಅದೇ, ಮಸೀದಿಗೂ ಅದೇ, ಗುಡಿಯ ಪಡಸಾಲೆಗೂ ಅದೇ. ಹೆಂಚಿಗೆ ಧರ್ಮವಿಲ್ಲ, ನಿಜ. ಆದರೆ ಅದಕ್ಕೊಂದು ಚರಿತ್ರೆ ಇದೆ. ಆ ಚರಿತ್ರೆಯೊಳಗೆ ಇಂದು ನಮಗೆ ಬೇಕಾದ ಒಂದು ಪ್ರಶ್ನೆಯೂ ಇದೆ.

ಪ್ರಶ್ನೆ ಇದು: ಒಂದೇ ಕಡೆ ದುಡಿಯುವವರು ದೇವರ ಹೆಸರಿನಲ್ಲಿ ಒಂದು ಕೂಟ ಕಟ್ಟಿಕೊಂಡರೆ ಅದನ್ನು ನಡೆಸುವವನು ಹೇಗಿರಬೇಕು? ಅವನೇ ಕೂಲಿ ಕೊಡುವವನೂ ಆಗಿದ್ದರೆ ಏನಾಗುತ್ತದೆ?

ಇದು ಹಳೆಯ ಕಾಲದ ಪ್ರಶ್ನೆಯಷ್ಟೇ ಅಲ್ಲ. ಇಂದು ಆಸ್ಪತ್ರೆಗಳಲ್ಲಿ, ಸಾಫ್ಟ್‌ವೇರ್ ಕಚೇರಿಗಳಲ್ಲಿ ಕ್ರೈಸ್ತ ನೌಕರರು ಊಟದ ಬಿಡುವಿನಲ್ಲಿ ಪ್ರಾರ್ಥನಾ ಕೂಟ ಸೇರುತ್ತಾರೆ. ನಮ್ಮವರು ಗೋದಾಮಿನ ಮೂಲೆಯಲ್ಲಿ ಚಾಪೆ ಹಾಸಿ ಜುಹರ್ ನಮಾಜು ಮುಗಿಸುತ್ತಾರೆ. ಆಯುಧಪೂಜೆಯ ದಿನ ಗ್ಯಾರೇಜು, ಕಾರ್ಖಾನೆಗಳಲ್ಲಿ ಕುಂಬಳಕಾಯಿ ಒಡೆಯುತ್ತಾರೆ. ಎಲ್ಲ ಕಡೆಯೂ ಮುಂದೆ ನಿಲ್ಲುವವನೊಬ್ಬ ಇದ್ದೇ ಇರುತ್ತಾನೆ. ಕನ್ನಡ ನಾಡಿನಲ್ಲಿ ಈ ವಿಷಯದ ಅತಿ ದೊಡ್ಡ ಪ್ರಯೋಗ ನಡೆದದ್ದು ಮಂಗಳೂರಿನ ಬಾಸೆಲ್ ಮಿಷನ್ ಕಾರ್ಖಾನೆಗಳಲ್ಲಿ. ಆದ್ದರಿಂದ ಅದನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಗುಡಾರ ಹೊಲಿಯುವವರ ಅಂಗಡಿ

ಅದಕ್ಕೂ ಮುಂಚೆ ಕ್ರೈಸ್ತರು ನಾಯಕತ್ವದ ಬಗ್ಗೆ ತಮ್ಮ ಧರ್ಮಗ್ರಂಥದಿಂದ ಏನು ಕಲಿತಿದ್ದರು ಎಂಬುದನ್ನು ತಿಳಿಯಬೇಕು. ಯೇಸು, ಅಂದರೆ ನಾವು ಹೇಳುವ ಈಸಾ ಅಲೈಹಿಸ್ಸಲಾಮ್, ಕೊನೆಯ ರಾತ್ರಿ ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು ತಮ್ಮ ಶಿಷ್ಯರ ಕಾಲು ತೊಳೆದರು ಎಂದು ಯೋಹಾನನ ಸುವಾರ್ತೆ ಹೇಳುತ್ತದೆ. ಆ ಕಾಲದಲ್ಲಿ ಅದು ಮನೆಯ ಆಳಿನ ಕೆಲಸ. ಲೋಕದ ದೊರೆಗಳು ಜನರ ಮೇಲೆ ದರ್ಪ ನಡೆಸುತ್ತಾರೆ, ನಿಮ್ಮಲ್ಲಿ ಹಾಗಾಗಬಾರದು, ದೊಡ್ಡವನಾಗಬೇಕೆನ್ನುವವನು ಸೇವಕನಾಗಲಿ ಎಂಬ ಬೋಧೆಯೂ ಮತ್ತಾಯನ ಸುವಾರ್ತೆಯಲ್ಲಿದೆ.

ಕೆಲಸದ ಜಾಗದಲ್ಲೇ ಹುಟ್ಟಿದ ಕ್ರೈಸ್ತ ಕೂಟದ ಮೊದಲ ಉದಾಹರಣೆಗಳಲ್ಲಿ ಕೊರಿಂಥ ಪಟ್ಟಣದ್ದೂ ಒಂದು. ಅಕ್ವಿಲ ಮತ್ತು ಪ್ರಿಸ್ಕಿಲ್ಲ ಎಂಬ ದಂಪತಿಗಳು ಗುಡಾರ ಮಾಡುವವರು. ಪೌಲನ ಕಸುಬೂ ಅದೇ. ಅವರ ಜೊತೆಯಲ್ಲೇ ಇದ್ದು, ಜೊತೆಯಲ್ಲೇ ಹೊಲಿದು, ಬೋಧನೆಯನ್ನೂ ಮಾಡಿದ. ತನ್ನ ಅನ್ನಕ್ಕಾಗಿ ಕೊರಿಂಥದ ಸಭೆಗೆ ಭಾರವಾಗಲಿಲ್ಲ ಎಂಬುದನ್ನು ಅವನು ಒತ್ತಿ ಹೇಳಿಕೊಂಡಿದ್ದಾನೆ. ಫಿಲೆಮೋನನಿಗೆ ಬರೆದ ಪತ್ರದಲ್ಲಿ ಇನ್ನೊಂದು ಇಕ್ಕಟ್ಟಿದೆ. ಓಡಿಹೋದ ಗುಲಾಮ ಓನೇಸಿಮ, ಅವನ ಒಡೆಯ ಫಿಲೆಮೋನ, ಇಬ್ಬರೂ ಈಗ ಒಂದೇ ಸಭೆಯವರು. ಒಬ್ಬ ಒಡೆಯ, ಇನ್ನೊಬ್ಬ ಆಳು, ಇಬ್ಬರೂ ಸಹೋದರರು! ಪೌಲ ಅಪ್ಪಣೆ ಮಾಡಬಹುದಾಗಿದ್ದರೂ ಬೇಡಿಕೊಳ್ಳುತ್ತೇನೆ ಎನ್ನುತ್ತಾನೆ. ಅವನಿಂದ ಸಾಲ ಉಳಿದಿದ್ದರೆ ನಾನು ತೀರಿಸುತ್ತೇನೆ ಎನ್ನುತ್ತಾನೆ. ಗುಲಾಮಗಿರಿ ತಪ್ಪು ಎಂದು ನೇರವಾಗಿ ಮಾತ್ರ ಹೇಳುವುದಿಲ್ಲ. ಒಡೆಯ ಮತ್ತು ಸಹೋದರ ಎಂಬ ಎರಡು ಪಾತ್ರಗಳ ಈ ಗಂಟು ಅಲ್ಲಿಗೇ ಬಿಚ್ಚಿಕೊಳ್ಳಲಿಲ್ಲ. ಹದಿನೆಂಟು ಶತಮಾನಗಳ ಮೇಲೆ ನೇತ್ರಾವತಿಯ ದಂಡೆಯಲ್ಲಿ ಅದು ಮತ್ತೆ ಕಾಣಿಸಿಕೊಂಡಿತು.

ಕೆಲಸ ಕಳೆದುಕೊಂಡವರು

ಬಾಸೆಲ್ ಮಿಷನ್ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಸ್ಥಾಪನೆಯಾಯಿತು. ಅದರ ಪಾದ್ರಿಗಳಲ್ಲಿ ಬಹಳ ಮಂದಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು; ರೈತರ, ಕುಶಲಕರ್ಮಿಗಳ ಮಕ್ಕಳು. 1833ರ ಕಾಯಿದೆಯಿಂದಾಗಿ ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದ ಬಾಗಿಲು ತೆರೆಯಿತು. 1834ರ ಅಕ್ಟೋಬರಿನಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಗೆ ಬಂದಿಳಿದು ಅಲ್ಲಿಂದ ಮಂಗಳೂರಿಗೆ ಬಂದರು. ಕನ್ನಡಿಗರು ಇವರನ್ನು ಹೆಚ್ಚಾಗಿ ನೆನೆಯುವುದು ಅಕ್ಷರದ ಕೆಲಸಕ್ಕಾಗಿ. ಮೋಗ್ಲಿಂಗ್ 1843ರಲ್ಲಿ ತಂದ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆ. 1894ರಲ್ಲಿ ಇದೇ ಮಿಷನ್ನಿನಿಂದ ಹೊರಬಂದ ಕಿಟ್ಟೆಲ್ ನಿಘಂಟಿಲ್ಲದೆ ಇಂದಿಗೂ ನಮ್ಮ ಕೆಲಸ ಸಾಗದು. ಆದರೆ ಮಿಷನ್ನಿನ ಕಾರ್ಖಾನೆಗಳ ಕಥೆ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಧರ್ಮ ಬೋಧಿಸಲು ಬಂದವರು ಕಾರ್ಖಾನೆ ಏಕೆ ತೆರೆದರು? ಉತ್ತರ ನಮ್ಮ ಸಮಾಜದ ರಚನೆಯಲ್ಲೇ ಇದೆ. ತುಳುನಾಡಿನಲ್ಲಿ ಕ್ರೈಸ್ತರಾದವರಲ್ಲಿ ಬಿಲ್ಲವರು ಬಹಳ. ಅವರ ಪರಂಪರೆಯ ಕಸುಬುಗಳಲ್ಲಿ ಶೇಂದಿ ಇಳಿಸುವುದು ಮುಖ್ಯ. ಕುಡಿತವನ್ನು ಪಾಪವೆಂದ ಮಿಷನ್ ಆ ಕಸುಬನ್ನು ಬಿಡಿಸಿತು. ಗೇಣಿಗೆ ಭೂಮಿ ಕೊಟ್ಟಿದ್ದ ಧಣಿಗಳು ಒಕ್ಕಲೆಬ್ಬಿಸಿದರು. ಅಳಿಯಸಂತಾನದ ಕುಟುಂಬದಲ್ಲಿ ಪಾಲು ಹೋಯಿತು. ಬಾವಿಯ ನೀರೂ ಇಲ್ಲ, ನೆಂಟರ ಮನೆಯ ಊಟವೂ ಇಲ್ಲ. ನಮ್ಮಲ್ಲಿ ಜಾತಿಯೆಂದರೆ ಕಸುಬು, ಜಮೀನು, ನೆಂಟಸ್ತಿಕೆ ಎಲ್ಲವೂ ಸೇರಿದ ಒಂದೇ ಗಂಟು. ಒಂದು ಎಳೆ ಕಡಿದರೆ ಎಲ್ಲವೂ ಕಳಚಿಕೊಳ್ಳುತ್ತದೆ. ಹೀಗೆ ಬೀದಿಗೆ ಬಿದ್ದವರಿಗೆ ಅನ್ನದ ದಾರಿ ತೋರಿಸುವ ಹೊಣೆ ಮಿಷನ್ನಿನ ಮೇಲೆ ಬಿತ್ತು.

ಬೇಸಾಯ, ಬಡಗಿ ಕೆಲಸ, ಗಡಿಯಾರದ ಕೆಲಸ ಎಲ್ಲವನ್ನೂ ಮಾಡಿ ನೋಡಿದರು. ಹೆಚ್ಚು ಫಲ ಸಿಗಲಿಲ್ಲ. 1851ರಲ್ಲಿ ನೇಯ್ಗೆ ಬಲ್ಲ ಹಾಲರ್ ಎಂಬಾತ ಬಂದು ಬಲ್ಮಠದಲ್ಲಿ ಸುಧಾರಿಸಿದ ಮಗ್ಗಗಳನ್ನು ಹೂಡಿದ. ಖಾಕಿ ಬಣ್ಣ ಹುಟ್ಟಿದ್ದು ಅವನ ಬಣ್ಣದ ಕಡಾಯಿಯಲ್ಲಿ ಎಂಬುದು ಮಂಗಳೂರಿನವರ ಹೆಮ್ಮೆಯ ಮಾತು. ಪೇಶಾವರದ ಕಡೆಯ ಸಿಪಾಯಿಗಳು ಅದಕ್ಕೂ ಮೊದಲೇ ಮಣ್ಣಿನ ಬಣ್ಣದ ಉಡುಪು ತೊಟ್ಟಿದ್ದರು. ಖಾಕಿ ಎಂಬ ಮಾತೂ ಖಾಕ್, ಎಂದರೆ ಧೂಳು, ಎಂಬ ಫಾರಸಿ ಪದದಿಂದ ಬಂದದ್ದು. ಆದರೂ ಮಂಗಳೂರಿನ ಮಗ್ಗಗಳು ಆ ಬಟ್ಟೆಗೆ ಹೆಸರು ತಂದದ್ದು ನಿಜ.

ಹೆಂಚಿನ ಕಥೆ ಇನ್ನೂ ಸ್ವಾರಸ್ಯದ್ದು. ಗೇಯಾರ್ಗ್ ಪ್ಲೆಬ್ಸ್ಟ್ ಬಂದದ್ದು ಮುದ್ರಣಾಲಯದ ಕೆಲಸಕ್ಕೆ. ನದಿ ದಂಡೆಯ ಜೇಡಿಮಣ್ಣನ್ನು ನೋಡಿದ ಆತ ಯುರೋಪಿಗೆ ಹಿಂದಿರುಗಿದಾಗ ಮಣ್ಣಿನ ಕೆಲಸವನ್ನು ಹೊಸದಾಗಿ ಕಲಿತು ಬಂದ. 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾದಾಗ ಮಣ್ಣು ಹದ ಮಾಡಲು ಎತ್ತುಗಳಿದ್ದವು. ದಿನಕ್ಕೆ ಸುಮಾರು 560 ಹೆಂಚು ತಯಾರಾಗುತ್ತಿತ್ತು. ಆಮೇಲೆ ಉಗಿಯಂತ್ರ ಬಂತು. ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ, ಪಾಲಕ್ಕಾಡು, ಫೆರೋಕ್‌ಗಳಲ್ಲೂ ಕಾರ್ಖಾನೆಗಳೆದ್ದವು. ಮೊದಲ ಮಹಾಯುದ್ಧದ ಹೊತ್ತಿಗೆ ಮಿಷನ್ನಿನ ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆಗಳಲ್ಲಿ 3,000ಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಪತ್ತೇಮಾರಿಗಳಲ್ಲಿ ಸಮುದ್ರದ ದಾರಿ ಹಿಡಿದ ಹೆಂಚು ಮುಂಬಯಿಗೂ, ಹೊರದೇಶಗಳಿಗೂ ಹೋಯಿತು. ಘಟ್ಟ ಹತ್ತಿ ನಮ್ಮ ಹಾಸನಕ್ಕೂ ಬಂತು.

ನಾಯಕ ಹೇಗಿದ್ದ?

ಈ ಕಾರ್ಖಾನೆಗಳಲ್ಲಿ ದಿನದ ಕೆಲಸ ಪ್ರಾರ್ಥನೆಯಿಂದ ಆರಂಭವಾಗುತ್ತಿತ್ತು. ಭಾನುವಾರ ಕೆಲಸವಿಲ್ಲ. ಕಾಯಿಲೆ ಬಿದ್ದವರಿಗೆ ನೆರವಾಗುವ ನಿಧಿ, ಉಳಿತಾಯದ ಏರ್ಪಾಡು, ಕೆಲಸಗಾರರ ವಸತಿ, ಮಕ್ಕಳಿಗೆ ಶಾಲೆ ಇದ್ದವು. ಸರ್ಕಾರವೇ ಕಾರ್ಮಿಕರ ಬಗ್ಗೆ ಅಷ್ಟಾಗಿ ಯೋಚಿಸದಿದ್ದ ಕಾಲ ಅದು ಎಂಬುದನ್ನು ನೆನಪಿಡಬೇಕು. ಈ ಕೂಟದ ನಾಯಕತ್ವದಲ್ಲಿ ಮೂರು ಸಂಗತಿಗಳನ್ನು ನಾವು ಮೆಚ್ಚಲೇಬೇಕು.

ಮೊದಲನೆಯದು, ಮುಂದೆ ನಿಂತವನಿಗೆ ಕಸುಬು ಗೊತ್ತಿತ್ತು. ಹಾಲರ್ ನೇಯ್ಗೆ ಬಲ್ಲವನು. ಪ್ಲೆಬ್ಸ್ಟ್ ಹೆಂಚು ಮಾಡಿಸುವ ಮುಂಚೆ ತಾನೇ ಮಣ್ಣಿಗೆ ಕೈಹಾಕಿ ಕಲಿತವನು. ಕೈಕೆಲಸವನ್ನು ಕೀಳೆಂದು ತಿಳಿದಿದ್ದ ಸಮಾಜದಲ್ಲಿ ಓದುಬರಹ ಬಲ್ಲ ಬಿಳಿಯನೊಬ್ಬ ಕೆಸರಿನಲ್ಲಿ ನಿಂತದ್ದು ಸಣ್ಣ ಪಾಠವಲ್ಲ.

ಎರಡನೆಯದು, ಜಾತಿಯ ಗೆರೆಯನ್ನು ಒಪ್ಪಲಿಲ್ಲ. ಬೇರೆ ಬೇರೆ ಜಾತಿಗಳಿಂದ ಬಂದವರು ಒಂದೇ ಮಗ್ಗದ ಮನೆಯಲ್ಲಿ, ಒಂದೇ ಆವಿಗೆಯ ಮುಂದೆ ಕೆಲಸ ಮಾಡಿದರು. ಒಂದೇ ಸಭೆಯಲ್ಲಿ ಕೂತರು. ಮನಸ್ಸಿನೊಳಗಿನ ಜಾತಿ ಅಷ್ಟು ಬೇಗ ಹೋಯಿತು ಎಂದಲ್ಲ, ಮದುವೆಯ ಮಾತು ಬಂದಾಗ ಅದು ತಲೆಯೆತ್ತುತ್ತಿತ್ತು. ಆದರೆ ನಿಯಮ ಸ್ಪಷ್ಟವಾಗಿತ್ತು.

ಮೂರನೆಯದು, ಲಾಭ ನಾಯಕನ ಜೇಬಿಗೆ ಹೋಗುತ್ತಿರಲಿಲ್ಲ. ಪಾದ್ರಿಗೆ ಸಿಗುತ್ತಿದ್ದುದು ಜೀವನಕ್ಕೆ ಸಾಕಾಗುವಷ್ಟು ಭತ್ಯೆ ಮಾತ್ರ. 1859ರಲ್ಲಿ ಸ್ಥಾಪನೆಯಾದ ವ್ಯಾಪಾರ ಕಂಪೆನಿಗೆ ಹಣ ಹೂಡಿದವರಿಗೆ ಮಿತವಾದ ಆದಾಯ, ಮಿಕ್ಕ ಲಾಭ ಮಿಷನ್ನಿನ ಕೆಲಸಕ್ಕೆ ಎಂಬ ಪದ್ಧತಿ ಇತ್ತು. ಲೆಕ್ಕ ಬಾಸೆಲ್ಲಿಗೆ ಹೋಗಬೇಕು, ವರದಿ ಹೋಗಬೇಕು. ಮಿಷನ್ನಿನ ಮುಖ್ಯಸ್ಥ ಯೋಸೆನ್‌ಹಾನ್ಸ್ 1851-52ರಲ್ಲಿ ತಾನೇ ಭಾರತಕ್ಕೆ ಬಂದು ಎಲ್ಲವನ್ನೂ ತಪಾಸಣೆ ಮಾಡಿದ. ಆತನ ಶಿಸ್ತು ಎಷ್ಟು ಬಿಗಿಯೆಂದರೆ ಕಮಿಟಿಯ ಒಪ್ಪಿಗೆಯಿಲ್ಲದೆ ಪಾದ್ರಿ ಮದುವೆಯಾಗುವಂತೆಯೂ ಇರಲಿಲ್ಲ. ಮಂದಿಯನ್ನು ನಿಯಮದಲ್ಲಿಟ್ಟವರು ತಾವೂ ನಿಯಮದೊಳಗೇ ಇದ್ದರು. ನಮ್ಮ ಹಿರಿಯರು ಅಮಾನತ್ ಎನ್ನುತ್ತಾರಲ್ಲ, ಕೈಯಲ್ಲಿರುವುದು ತನ್ನದಲ್ಲ ಎಂಬ ಅರಿವು, ಅದು ಇಲ್ಲಿ ಕಾಣುತ್ತದೆ.

ಬಿಚ್ಚದ ಗಂಟು

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಅದು ಹೊಗಳಿಕೆಯಾಗುತ್ತದೆ, ಚರಿತ್ರೆಯಾಗುವುದಿಲ್ಲ.

ಒಬ್ಬ ನೇಯ್ಗೆಗಾರನ ಬದುಕನ್ನು ಕಲ್ಪಿಸಿಕೊಳ್ಳಿ. ಅವನಿಗೆ ಕೂಲಿ ಕೊಡುವುದು ಮಿಷನ್. ಅವನಿರುವ ಮನೆ ಮಿಷನ್ನಿನದು. ಮಗ ಓದುವ ಶಾಲೆ ಮಿಷನ್ನಿನದು. ಭಾನುವಾರ ಅವನ ಪಾಪಪುಣ್ಯದ ಮಾತಾಡುವ ಸಭಾಪಾಲಕನೂ ಮಿಷನ್ನಿನವನೇ. ಒಂದು ಸಂಜೆ ಅವನು ಶೇಂದಿ ಕುಡಿದ ಎಂದುಕೊಳ್ಳೋಣ. ಅಥವಾ ಹಳೆಯ ಮನೆಯವರು ನಡೆಸುವ ಭೂತದ ಕೋಲಕ್ಕೆ ಹೋಗಿ ನಿಂತ. ಇದು ಸಭೆಯ ಶಿಸ್ತಿನ ವಿಷಯ. ಹಿರಿಯರು ಕರೆದು ವಿಚಾರಿಸುತ್ತಾರೆ, ಪಂಕ್ತಿಯಿಂದ ಹೊರಗಿಡಲೂಬಹುದು. ಆದರೆ ಸಭೆಯೂ ಕಾರ್ಖಾನೆಯೂ ಒಂದೇ ಆದ ಕಡೆ ಸಭೆಯ ಮುನಿಸು ಅನ್ನದ ತಟ್ಟೆಯವರೆಗೆ ಬರುತ್ತದೆ ಎಂಬ ಭಯ ಅವನನ್ನು ಬಿಡುವುದಿಲ್ಲ. ಅವನು ತಪ್ಪೊಪ್ಪಿಕೊಂಡರೆ ಅದು ದೇವರ ಭಯವೋ ಕೆಲಸದ ಭಯವೋ? ಪಾದ್ರಿಗೂ ತಿಳಿಯದು. ಬಹುಶಃ ಅವನಿಗೂ ತಿಳಿಯದು.

ಎದುರು ದಿಕ್ಕಿನ ಅನುಮಾನವೂ ಇತ್ತು. ಇವರು ಅನ್ನಕ್ಕಾಗಿ ಕ್ರೈಸ್ತರಾದರು ಎಂದು ಊರು ಆಡಿಕೊಂಡಿತು. ಮಿಷನ್ನಿನ ಒಳಗೇ ಈ ಬಗ್ಗೆ ವಾದ ನಡೆಯಿತು. ಒಡೆಯ ಮತ್ತು ಕೂಲಿಯ ಸಂಬಂಧ ಸಭಾಪಾಲಕ ಮತ್ತು ಸಭಿಕರ ಸಂಬಂಧವನ್ನು ಕೆಡಿಸುತ್ತದೆ ಎಂದವರು ಪಾದ್ರಿಗಳಲ್ಲೇ ಇದ್ದರು. ಕೂಲಿ ಕಡಿಮೆ ಎನ್ನಲು ಕೆಲಸಗಾರ ಎದ್ದು ನಿಂತರೆ ಅದು ಬೇಡಿಕೆಯೋ, ಉಪಕಾರ ಮರೆತ ನಡತೆಯೋ? ಕಾರ್ಖಾನೆಯನ್ನು ಒಂದು ಕುಟುಂಬವೆಂದು ಕರೆದ ಕೂಡಲೇ ಹಕ್ಕು ಕೇಳುವವನು ಮನೆಮುರುಕನಂತೆ ಕಾಣುತ್ತಾನೆ. ಇದು ಮಿಷನ್ನಿಗೆ ಮಾತ್ರ ಸೇರಿದ ರೋಗವಲ್ಲ. ನಾವೆಲ್ಲ ಒಂದೇ ಕುಟುಂಬ ಎಂದು ಇಂದೂ ಹೇಳುವ ಮಾಲೀಕರ ಮಾತನ್ನು ನಾವು ಇದೇ ಕಿವಿಯಿಂದ ಕೇಳಬೇಕು.

ಮತ್ತೊಂದು ಕೊರತೆ ಉತ್ತರಾಧಿಕಾರದ್ದು. ಸ್ಥಳೀಯರಲ್ಲಿ ಸಭಾಹಿರಿಯರಿದ್ದರು, ಮೇಸ್ತ್ರಿಗಳಿದ್ದರು, ಕೆಲವರು ಪಾದ್ರಿಗಳೂ ಆದರು. 1844ರಲ್ಲಿ ಕ್ರೈಸ್ತನಾದ ಮಂಗಳೂರಿನ ಆನಂದರಾವ್ ಕೌಂಡಿನ್ಯ ಬಾಸೆಲ್ಲಿಗೆ ಹೋಗಿ ಓದಿ ಮಿಷನರಿಯಾಗಿಯೇ ಹಿಂದಿರುಗಿದರು. ಆದರೆ ಅವರಂಥವರು ಅಪರೂಪ. ಕಾರ್ಖಾನೆಗಳ ಮೇಲಿನ ಕುರ್ಚಿಯಲ್ಲಿ ಯುರೋಪಿಯನ್ನರೇ ಕೂತಿದ್ದರು. ಕಾಲು ತೊಳೆಯುವ ಪಾಠ ಕಲಿತವರಿಗೂ ಕುರ್ಚಿ ಬಿಟ್ಟುಕೊಡುವ ಪಾಠ ಕಷ್ಟವಾಯಿತು.

1914ರಲ್ಲಿ ಯುದ್ಧ ಶುರುವಾಯಿತು. ಜರ್ಮನರು ಬ್ರಿಟಿಷರಿಗೆ ಶತ್ರುಗಳಾದರು. ಪಾದ್ರಿಗಳನ್ನು ಬಂಧನ ಶಿಬಿರಗಳಿಗೆ ಕಳಿಸಲಾಯಿತು, ಆಮೇಲೆ ದೇಶದಿಂದಲೇ ಹೊರಹಾಕಲಾಯಿತು. ಕಾರ್ಖಾನೆಗಳು ಸರ್ಕಾರದ ವಶವಾಗಿ, 1919ರಲ್ಲಿ ಹುಟ್ಟಿದ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಕೈಸೇರಿದವು. ಎಂಬತ್ತು ವರ್ಷಗಳ ಏರ್ಪಾಡು ನಾಲ್ಕಾರು ವರ್ಷಗಳಲ್ಲಿ ಕೈತಪ್ಪಿತು. ಆದರೆ ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಕಾರ್ಖಾನೆ ಕೈಬಿಟ್ಟು ಹೋದರೂ ಸಭೆಗಳು ಮುಚ್ಚಲಿಲ್ಲ. ಸ್ಥಳೀಯ ಹಿರಿಯರು, ಪಾದ್ರಿಗಳು ಅವನ್ನು ನಡೆಸಿದರು. 1947ರಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಹುಟ್ಟಿದಾಗ ಮಂಗಳೂರಿನ ಈ ಸಭೆಗಳೂ ಅದರೊಳಗೆ ಸೇರಿದವು. ನಮ್ಮ ಹಾಸನದ ವೆಸ್ಲಿಯನ್ ಮಿಷನ್ನಿನವರೂ ಆ ಸಭೆಯವರಾದರು. ರೆಡ್‌ಫರ್ನ್ ಆಸ್ಪತ್ರೆಯನ್ನು ಹಾಸನದವರು ಬಲ್ಲರು. ಯಾವುದು ಜನರ ಕೈಯಲ್ಲಿತ್ತೋ ಅದು ಉಳಿಯಿತು, ಯಾವುದು ಮೇಲಿನವರ ಕೈಯಲ್ಲಿತ್ತೋ ಅದು ಹೋಯಿತು. ನಾಯಕತ್ವದ ಬಗ್ಗೆ ಇದಕ್ಕಿಂತ ದೊಡ್ಡ ಪಾಠವನ್ನು ಯಾವ ಪುಸ್ತಕವೂ ಹೇಳಲಾರದು.

ಕರಾವಳಿಯ ಹೆಂಚಿನ ಕೆಲಸಗಾರರು ಆಮೇಲೆ ಕೆಂಬಾವುಟದ ಸಂಘಗಳನ್ನೂ ಕಟ್ಟಿದರು. ಅದರಲ್ಲಿ ಎಲ್ಲ ಜಾತಿ ಮತದವರೂ ಇದ್ದರು. ದುಡಿಯುವ ಜಾಗದ ಸಹೋದರತ್ವಕ್ಕೆ ಅದು ಇನ್ನೊಂದು ಮುಖ.

ಅಂತಾಲಿಯದ ಚಮ್ಮಾರ

ಈ ವಿಷಯದಲ್ಲಿ ಪಾಠ ಹೇಳುವ ಹಕ್ಕು ಒಂದೇ ಧರ್ಮದವರಿಗೆ ಸೇರಿದ್ದಲ್ಲ. ಮಂಗಳೂರಿಗೆ 1340ರ ದಶಕದಲ್ಲಿ ಬಂದು, ಅಲ್ಲಿ ಸುಮಾರು 4,000 ಮುಸ್ಲಿಮರಿದ್ದಾರೆಂದು ಬರೆದ ಇಬ್ನ್ ಬತೂತ, ಅದಕ್ಕೆ ಹತ್ತು ಹನ್ನೆರಡು ವರ್ಷ ಮೊದಲು ತುರ್ಕರ ನಾಡಿನ ಅಂತಾಲಿಯದಲ್ಲಿದ್ದ. ಹರಕು ಬಟ್ಟೆಯ, ತಲೆಗೆ ಕಂಬಳಿ ಟೋಪಿಯ ಒಬ್ಬ ಮನುಷ್ಯ ಬಂದು ಊಟಕ್ಕೆ ಕರೆದ. ಈ ಬಡವ ನಮಗೆಲ್ಲ ಹೇಗೆ ಊಟ ಹಾಕಿಯಾನು ಎಂದು ಇಬ್ನ್ ಬತೂತನಿಗೆ ಆಶ್ಚರ್ಯ. ಆಮೇಲೆ ತಿಳಿದದ್ದು, ಆತ ಚಮ್ಮಾರ. ಸುಮಾರು 200 ಕುಶಲಕರ್ಮಿಗಳು ತಾವೇ ಆರಿಸಿಕೊಂಡ ನಾಯಕ. ಅವರು ಹಗಲು ದುಡಿದದ್ದನ್ನು ಸಂಜೆ ತಂದು ಒಟ್ಟುಗೂಡಿಸಿ ಪಯಣಿಗರಿಗೆ ಉಣಬಡಿಸುತ್ತಿದ್ದರು. ಇಂಥ ನಾಯಕನಿಗೆ ಅವರಲ್ಲಿ ಅಖೀ ಎಂಬ ಹೆಸರು. ಆತ ಕೂಲಿ ಕೊಡುವವನಾಗಿರಲಿಲ್ಲ, ಅವರು ಆರಿಸಿದವನಾಗಿದ್ದ. ಜೆಪ್ಪುವಿನ ಕಾರ್ಖಾನೆಗೂ ಅಂತಾಲಿಯದ ಕೂಟಕ್ಕೂ ಇರುವ ವ್ಯತ್ಯಾಸ ಇಷ್ಟೇ. ಆದರೆ ಅದು ಸಣ್ಣದಲ್ಲ.

ನಮ್ಮ ಕಲ್ಯಾಣದ ಶರಣರನ್ನೂ ಮರೆಯುವಂತಿಲ್ಲ. ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಯ್ದಕ್ಕಿ ಲಕ್ಕಮ್ಮ ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದು ಹಿಂದಕ್ಕೆ ಕಳಿಸಿದಳು. ನಾಯಕನನ್ನೂ ತಿದ್ದುವ ಧೈರ್ಯ ಕೂಟದೊಳಗೆ ಇರಬೇಕು ಎಂಬುದನ್ನು ಆ ಬಡ ಹೆಂಗಸು ತೋರಿಸಿಕೊಟ್ಟಳು. ಪ್ರವಾದಿಯವರು, ಅವರ ಮೇಲೆ ಶಾಂತಿಯಿರಲಿ, ಮದೀನದ ಸುತ್ತ ಕಂದಕ ತೋಡುವಾಗ ತಾವೂ ಮಣ್ಣು ಹೊತ್ತರು. ನಿಮ್ಮ ಕೈಕೆಳಗಿರುವವರು ನಿಮ್ಮ ಸಹೋದರರು, ನೀವು ಉಣ್ಣುವುದನ್ನೇ ಅವರಿಗೂ ಉಣಿಸಿ, ಶಕ್ತಿ ಮೀರಿದ ಕೆಲಸ ಹೇರಬೇಡಿ ಎಂದು ತಿಳಿಸಿದರು. ಕಾಲು ತೊಳೆದ ಈಸಾರ ಕಥೆಗೂ ಇದಕ್ಕೂ ಬಹಳ ದೂರವಿಲ್ಲ.

ನಮ್ಮ ಅಂಗಳದಲ್ಲಿ

ಹಾಗಾದರೆ ಇವೆಲ್ಲವನ್ನು ನಾವು ಎಲ್ಲಿ ಅನ್ವಯಿಸಬೇಕು? ಪಕ್ಕದ ಮನೆಯವರ ಚರಿತ್ರೆಯಲ್ಲಿ ತಪ್ಪು ಹುಡುಕುವುದು ಸುಲಭ. ನಮ್ಮ ಗ್ಯಾರೇಜುಗಳಲ್ಲಿ ಉಸ್ತಾದ್ ಮತ್ತು ಶಾಗಿರ್ದ್‌ಗಳ ಸಂಬಂಧ ಹೇಗಿದೆ? ಹೋಟೆಲಿನ ಮಾಲೀಕನೇ ಮಸೀದಿಯ ಮುತವಲ್ಲಿಯೂ ಆಗಿದ್ದಾಗ, ಸಪ್ಲೈಯರ್ ಹುಡುಗ ಜಮಾತಿನ ಲೆಕ್ಕ ಕೇಳಬಲ್ಲನೆ? ಬೀಡಿ ಕಟ್ಟುವ ಹೆಂಗಸು, ತೂಕದಲ್ಲಿ ಮೋಸವಾಯಿತೆಂದು ತನ್ನ ಮೊಹಲ್ಲಾದ ದೊಡ್ಡವರ ಮೇಲೆ ದೂರು ಹೇಳಬಲ್ಲಳೆ? ಸಾಲ ಕೊಟ್ಟವನೇ ನ್ಯಾಯ ಹೇಳಲು ಕೂತರೆ ಸಾಲಗಾರನ ಬಾಯಿಗೆ ಬೀಗ ಬೀಳುತ್ತದೆ.

ಬೂವನಹಳ್ಳಿಯ ಕಡೆ ವಿಮಾನ ನಿಲ್ದಾಣದ ಕೆಲಸ, ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಗಾರ್ಮೆಂಟ್ಸ್ ಕೆಲಸ ಎಂದು ಹಳ್ಳಿಗಳ ಹುಡುಗ ಹುಡುಗಿಯರು ಹೊಸ ಹೊಸ ಜಾಗಗಳಲ್ಲಿ ಸೇರುತ್ತಿದ್ದಾರೆ. ಅಲ್ಲಿ ಅವರಿಗೆ ದೇವರೂ ಬೇಕು, ಜೊತೆಯೂ ಬೇಕು. ಕೂಟ ಕಟ್ಟಿಕೊಳ್ಳಲಿ. ಆದರೆ ಮಂಗಳೂರಿನ ಪಾಠವನ್ನು ನೆನಪಿಟ್ಟುಕೊಳ್ಳಲಿ. ಹಾಜರಿ ಹಿಡಿಯುವವನು ಪ್ರಾರ್ಥನೆಯ ಹಾಜರಿ ಹಿಡಿಯಬಾರದು. ಕೂಟಕ್ಕೆ ಬಂದವನಿಗೆ ಬಡ್ತಿ, ಬಾರದವನಿಗೆ ರಾತ್ರಿ ಪಾಳಿ ಎಂಬ ಅನುಮಾನಕ್ಕೂ ಎಡೆಯಿರಬಾರದು. ಮೇಲಧಿಕಾರಿ ಬರುವುದಾದರೆ ಬರಲಿ, ಹಿಂದಿನ ಸಾಲಿನಲ್ಲಿ ಕೂರಲಿ. ಮುಂದೆ ನಿಲ್ಲುವ ಕೆಲಸ ಸರದಿಯಂತೆ ಎಲ್ಲರಿಗೂ ಬರಲಿ. ಹಣ ಕೂಡಿಸಿದರೆ ಲೆಕ್ಕ ಗೋಡೆಯ ಮೇಲಿರಲಿ. ಬೇರೆ ಧರ್ಮದವನ ಕೂಟಕ್ಕೂ ಅದೇ ಜಾಗ, ಅದೇ ಹೊತ್ತು ಸಿಗುವಂತೆ ಮೊದಲು ಕೇಳುವವನು ನಮ್ಮವನೇ ಆಗಿರಲಿ.

ಕೊನೆಯ ಮಾತು. ಒಳ್ಳೆಯ ಮನಸ್ಸಿದ್ದರೆ ಸಾಕು, ಅಧಿಕಾರ ಒಂದೇ ಕೈಯಲ್ಲಿದ್ದರೂ ಚಿಂತೆಯಿಲ್ಲ ಎನ್ನುವವರು ನಮ್ಮಲ್ಲಿ ಬಹಳ. ಬಾಸೆಲ್ಲಿನವರ ಮನಸ್ಸು ಒಳ್ಳೆಯದೇ ಇತ್ತು. ಊರು ಬಿಟ್ಟು ಬಂದವರು, ಇಲ್ಲಿನ ಜ್ವರಕ್ಕೆ ಹೆಂಡಿರು ಮಕ್ಕಳನ್ನು ಮಣ್ಣು ಮಾಡಿದವರು. ಅಂಥವರ ಕೈಯಲ್ಲೂ ಆ ಗಂಟು ಬಿಚ್ಚಲಿಲ್ಲ. ಹಾಗಿರುವಾಗ ನಮ್ಮ ಮನಸ್ಸನ್ನು ನಾವು ಅಷ್ಟಾಗಿ ನಂಬುವುದು ಬೇಡ. ಅನ್ನದ ಕೀಲಿಕೈ ಒಬ್ಬನ ಬಳಿ ಇರಲಿ, ಇಬಾದತ್ತಿನ ಕೀಲಿಕೈ ಇನ್ನೊಬ್ಬನ ಬಳಿ ಇರಲಿ. ಎರಡನ್ನೂ ಕೇಳಿ ಪಡೆಯುವ ಹಕ್ಕು ಎಲ್ಲರಿಗೂ ಇರಲಿ.